ಎರೆ ಹೊಲದ ಸುಣ್ಣ: ಬಾಟಲಿಯಲ್ಲಿ ಗ್ಯಾಸ್ ಹಿಡಿದು ಅಳೆದ ನನ್ನ ಅನುಭವ

ಹೋದ ತಿಂಗಳು ಎರೆ ಮಣ್ಣಿನ ಹನ್ನೆರಡು ಸ್ಯಾಂಪಲ್‌ಗಳನ್ನು ಎರಡೆರಡು ಭಾಗ ಮಾಡಿದೆ. ಒಂದು ಭಾಗ ದೊಡ್ಡ ಲ್ಯಾಬಿಗೆ ಹೋಯಿತು. ಇನ್ನೊಂದಕ್ಕೆ ನನ್ನ ಬಾಟಲಿಯಲ್ಲೇ ಆಸಿಡ್ ಹಾಕಿ, ಎದ್ದ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಎಷ್ಟು ಅಂತ ನೋಡಿ ಸುಣ್ಣ (ಕ್ಯಾಲ್ಸಿಯಂ ಕಾರ್ಬೊನೇಟ್) ಅಳೆದೆ. ಹತ್ತರಲ್ಲಿ ಅರ್ಧ ಪರ್ಸೆಂಟೂ ವ್ಯತ್ಯಾಸ ಬರಲಿಲ್ಲ. ಉಳಿದ ಎರಡನ್ನು ಅವರು ಮತ್ತೆ ಮಾಡಿ ನೋಡಿದರು, ಉತ್ತರ ನನ್ನ ಅಂಕಿಯ ಹತ್ತಿರಕ್ಕೇ ಬಂತು. "ಟೈಟ್ರೇಶನ್ (ಎಷ್ಟು ಆಸಿಡ್ ಖರ್ಚಾಯಿತು ಅಂತ ನೋಡಿ ಸುಣ್ಣ ಲೆಕ್ಕ ಹಾಕುವುದು) ಇರುವಾಗ ಈ ಪೈಪು, ಬಾಟಲಿ ಎಲ್ಲ ಯಾಕೆ" ಅಂತ ಎರಡು ವರ್ಷದಿಂದ ಕೇಳುತ್ತಿದ್ದವರೇ ಈಗ ಫೋನ್ ಮಾಡಿ ವಿಧಾನ ಕೇಳುತ್ತಿದ್ದಾರೆ.

ಮಣ್ಣು ಪರೀಕ್ಷೆ ಮಾಡುವವರಿಗೆ ಬುಡದಿಂದ ಹೇಳಬೇಕಿಲ್ಲ. ಲ್ಯಾಬುಗಳ ಎಂದಿನ ವಾಕ್ಲಿ-ಬ್ಲ್ಯಾಕ್ ಪರೀಕ್ಷೆ ಸಾವಯವ (ಗಿಡ, ಗೊಬ್ಬರ ಕೊಳೆತು ಬಂದ) ಇಂಗಾಲವನ್ನಷ್ಟೇ ತೋರಿಸುತ್ತದೆ. ಸುಣ್ಣದಲ್ಲಿ ಕೂತಿರುವ ಇಂಗಾಲ ಅದಕ್ಕೆ ಸಿಗುವುದಿಲ್ಲ. ಟೈಟ್ರೇಶನ್ ಮಾಡಿದರೆ ಎರೆ ಮಣ್ಣಿನ ಜೇಡಿಯೂ ಒಂದಿಷ್ಟು ಆಸಿಡ್ ಕುಡಿಯುತ್ತದೆ, ಸುಣ್ಣ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಗ್ಯಾಸ್ ಹಿಡಿದರೆ ಆ ತಕರಾರು ಇಲ್ಲ.

ಹೀಗೆ ಗ್ಯಾಸ್ ಹಿಡಿದು ಸುಣ್ಣ ಅಳೆಯುವ ರೆಡಿಮೇಡ್ ಕ್ಯಾಲ್ಸಿಮೀಟರ್‌ಗೆ ಕೊಟೇಶನ್ ತರಿಸಿದೆ. ಲಕ್ಷ ದಾಟಿತ್ತು. ಬ್ಯೂರೆಟ್ (ಅಳತೆಯ ಗೆರೆ ಇರುವ ಗಾಜಿನ ಕೊಳವೆ), 250 ಮಿ.ಲೀ. ಬಾಟಲಿ, ರಬ್ಬರ್ ಪೈಪು, ಸ್ಟ್ಯಾಂಡ್ ಸೇರಿಸಿ ನಾನೇ ಕಟ್ಟಿದೆ. ಈಗಿರುವುದಕ್ಕೆ ನಾಲ್ಕು ಸಾವಿರದ ಆಸುಪಾಸು ಖರ್ಚು. ಆದರೆ ಅದಕ್ಕೂ ಮೊದಲು ಒಡೆದದ್ದು, ಬಿಸಾಕಿದ್ದು ಒಂಬತ್ತು ಸಾವಿರ ಇರಬೇಕು.

ಮೊದಲ ಪೆಟ್ಟು ನೀರಿನಿಂದ ಬಿತ್ತು. ಬ್ಯೂರೆಟ್‌ನಲ್ಲಿ ಸುಮ್ನೆ ನಲ್ಲಿ ನೀರು ತುಂಬಿದ್ದೆ. ನೊರೆ ಎದ್ದು ಗ್ಯಾಸ್ ಬರುತ್ತದೆ, ನೀರಿನ ಮಟ್ಟ ಇಳಿಯುತ್ತದೆ, ಬರೆದುಕೊಳ್ಳುವಷ್ಟರಲ್ಲಿ ಮತ್ತೆ ಏರುತ್ತದೆ! ಕಾರ್ಬನ್ ಡೈಆಕ್ಸೈಡ್ ನನ್ನ ಕಣ್ಣ ಮುಂದೆಯೇ ನೀರಿನಲ್ಲಿ ಕರಗುತ್ತಿತ್ತು. ಉಪ್ಪು ಇನ್ನು ಕರಗದು ಅನ್ನುವಷ್ಟು ಹಾಕಿ, ಮೇಲೆ ಕೆಲವು ಹನಿ ಆಸಿಡ್ ಬಿಟ್ಟ ಮೇಲೆ ಮಟ್ಟ ನಿಂತಿತು.

ಎರಡನೆಯದು ನನ್ನ ಕೈ. ಬಾಟಲಿ ಅಲುಗಾಡಿಸುವಾಗ ಅಂಗೈಯಲ್ಲಿ ಹಿಡಿಯುತ್ತಿದ್ದೆ. ಒಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೂ ಮುಕ್ಕಾಲು ಮಿ.ಲೀ. ಹಿಗ್ಗುತ್ತದೆ. ಐದು ಡಿಗ್ರಿ ಏರಿದರೆ ಲೆಕ್ಕವೇ ಹೋಯಿತು ಅಲ್ವಾ? ಈಗ ಕತ್ತನ್ನು ಬಟ್ಟೆಯಲ್ಲಿ ಹಿಡಿದು ಆಡಿಸುತ್ತೇನೆ. ಬಾಟಲಿಯನ್ನು ಬಕೆಟ್ ನೀರಿನಲ್ಲಿ ಇಟ್ಟು ತಣಿಸಿದ ಮೇಲೆಯೇ ಓದುತ್ತೇನೆ. ಏಪ್ರಿಲ್‌ನಲ್ಲಿ ಬೆಳಗ್ಗೆ ಹತ್ತರೊಳಗೆ ಕೆಲಸ ಮುಗಿಸುತ್ತೇನೆ. ಉಷ್ಣತೆ, ಒತ್ತಡಕ್ಕೆ ಸೂತ್ರ ಹಚ್ಚುವ ಬದಲು ಪ್ರತಿ ಸುತ್ತಿಗೂ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ 0.2 ಗ್ರಾಂ ಹಾಕಿ ನೋಡುತ್ತೇನೆ. 50 ಮಿ.ಲೀ. ಮೇಲೆ ಬರಲೇಬೇಕು, ಇಲ್ಲವಾದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಬಿರಡೆ ಸೋರದ ಹಾಗೆ ಏನು ಹಚ್ಚುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಆ ಶುದ್ಧ ಪುಡಿ ಕೊಳ್ಳುವ ಮೊದಲು ಶಾಲೆಯ ಸೀಮೆಸುಣ್ಣ ಪುಡಿ ಮಾಡಿ ಹಾಕಿದ್ದೆ. ಗ್ಯಾಸೇ ಇಲ್ಲ. ಅದು ಜಿಪ್ಸಮ್ಮಿನದು. ಮೊಟ್ಟೆಯ ಚಿಪ್ಪು ಮಾತ್ರ ಚೆನ್ನಾಗಿ ಬಂತು, ನೂರಕ್ಕೆ ತೊಂಬತ್ತರ ಮೇಲೆಯೇ. ಅಂಗಡಿಯ ರಂಗೋಲಿ ಪುಡಿ ಹಾಕಿದರೆ ಅರ್ಧ ಗಂಟೆ ನಿಧಾನವಾಗಿ ಗುಳ್ಳೆ ಬಿಡುತ್ತಲೇ ಇತ್ತು. ಡಾಲೊಮೈಟ್ (ಮೆಗ್ನೀಸಿಯಂ ಸೇರಿದ ಸುಣ್ಣದ ಕಲ್ಲು) ಇದ್ದರೆ ಹಾಗೆಯೇ. ಅವತ್ತಿನಿಂದ ಐದು ನಿಮಿಷಕ್ಕೂ ಮೂವತ್ತು ನಿಮಿಷಕ್ಕೂ ಎರಡು ಸಲ ಓದುತ್ತೇನೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಜರಡಿಯದು. ಇಂಡಿ ಕಡೆಯ ಒಂದು ಬಿಳಿಜೋಳದ ಹೊಲದಲ್ಲಿ ಮೂರು ಅಡಿ ಗುಂಡಿ ತೆಗೆದಿದ್ದೆವು. ಅಲ್ಲಿ ಕೆಳಗಿರುವುದು ಕರಿಕಲ್ಲು, ಸುಣ್ಣದಕಲ್ಲಲ್ಲ. ಆದರೂ ಎರಡು ಅಡಿಯ ಕೆಳಗೆ ಕಡಲೆ ಗಾತ್ರದ ಬಿಳಿ ಹರಳು. ನಾನು ಎಂದಿನಂತೆ ಮಣ್ಣು ಕುಟ್ಟಿ, 2 ಮಿ.ಮೀ. ಜರಡಿ ಹಿಡಿದು, ಮೇಲೆ ಉಳಿದದ್ದನ್ನು ಚೆಲ್ಲಿಬಿಟ್ಟೆ. ಸುಣ್ಣವನ್ನೇ ಚೆಲ್ಲಿ ಸುಣ್ಣ ಅಳೆದ ಹಾಗಾಯಿತು. ಎರಡನೇ ಸಲ ಹರಳು ತೂಗಿದೆ, ಆ ಪದರದ ತೂಕದಲ್ಲಿ ಹತ್ತಿರ ಹತ್ತಿರ ಐದರಲ್ಲೊಂದು ಪಾಲು. ಈಗ ಹರಳನ್ನು ಬೇರೆ ತೂಗಿ, ಪುಡಿ ಮಾಡಿ, ಬೇರೆಯಾಗಿ ಅಳೆದು ಆಮೇಲೆ ಕೂಡಿಸುತ್ತೇನೆ.

ಗುಂಡಿಯೊಳಗೆ ಇಳಿದಿದ್ದ ರೈತರು ಒಂದು ಹರಳು ಒರೆಸಿ ಕೊಟ್ಟರು. "ಸರ, ಇವು ನಮ್ಮ ಅಜ್ಜನ ಕಾಲದಾಗೂ ಇದ್ದುವ್ರಿ." ಇರಲೇಬೇಕು. ಕರಿಕಲ್ಲು ಕರಗುತ್ತಾ ಕ್ಯಾಲ್ಸಿಯಂ ಬಿಡುತ್ತದೆ. ಬೇರು ಉಸಿರಾಡಿ ಬಿಟ್ಟ ಕಾರ್ಬನ್ ಡೈಆಕ್ಸೈಡ್ ಮಳೆ ನೀರಿನಲ್ಲಿ ಕರಗಿ ಬೈಕಾರ್ಬೊನೇಟ್ ಆಗುತ್ತದೆ. ಹಿಂಗಾರು ಮುಗಿದು ನೆಲ ಒಣಗಿದಾಗ ಎರಡೂ ಸೇರಿ ಸುಣ್ಣವಾಗಿ ಕೂರುತ್ತವೆ. ಅದೇ ಗುಂಡಿಯ ಗೋಡೆಯಲ್ಲಿ ಜೋಳದ ಹಳೆಯ ಬೇರಿನ ದಾರಿಯೊಂದು ಸಿಕ್ಕಿತು. ಒಳಗೆಲ್ಲ ನೂಲಿನಂಥ ಬಿಳಿ ಎಳೆ. ಸೀಸೆಯಿಂದ ಒಂದು ಹನಿ ಆಸಿಡ್ ಬಿಟ್ಟ ಕೂಡಲೇ ಚುರ್ ಅಂತ ನೊರೆ ಬಂದು, ಎಳೆ ಮಾಯವಾಗಿ ಬರೀ ಕಪ್ಪು ತೂತು ಉಳಿಯಿತು. ಅದನ್ನು ನೋಡಿದಾಗ ಆದ ಖುಷಿ ಯಾವ ರೀಡಿಂಗಿನಲ್ಲೂ ಆಗಿಲ್ಲ.

ಪಕ್ಕದ ನಿಂಬೆ ತೋಟದಲ್ಲಿ ಮೇಲಿನ ಮಣ್ಣಲ್ಲೇ ಸುಣ್ಣ ಜಾಸ್ತಿ. ಡ್ರಿಪ್ ತೂತುಗಳೂ ಬೆಳ್ಳಗಾಗಿದ್ದವು. ಇದನ್ನೂ ಗಾಳಿಯಿಂದ ಹೊಸದಾಗಿ ಹಿಡಿದಿಟ್ಟ ಇಂಗಾಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬೋರ್‌ವೆಲ್ ನೀರು ಹೊತ್ತು ತಂದ ಬೈಕಾರ್ಬೊನೇಟ್ ಸುಣ್ಣವಾಗುವಾಗ ಅದರ ಅರ್ಧ ಇಂಗಾಲ ಗಾಳಿಗೆ ವಾಪಸ್ ಹೋಗುತ್ತದೆ. ಜೋಳದ ಹೊಲದ ಲೆಕ್ಕ, ತೋಟದ ಲೆಕ್ಕ ಬೇರೆ ಬೇರೆ ಪುಸ್ತಕದಲ್ಲಿ ಬರೆಯಬೇಕು.

ಜೋಳದ ಹೊಲದ್ದು ನೆನಪಿದ್ದಷ್ಟು ಹೇಳುತ್ತೇನೆ. ಮೇಲೆ ಆರು ಪರ್ಸೆಂಟ್ ಸುಣ್ಣ, ಕೆಳಗೆ ಹರಳು ಬಿಟ್ಟೇ ಹತ್ತು. ಸುಣ್ಣದಲ್ಲಿ ನೂರಕ್ಕೆ ಹನ್ನೆರಡು ಪಾಲು ಇಂಗಾಲ. ಅಂದರೆ ಕೆಳಗಿನ ಒಂದು ಅಡಿ ಪದರದಲ್ಲಿ ಎಕರೆಗೆ ಹತ್ತೊಂಬತ್ತು ಟನ್‌ನಷ್ಟು ಇಂಗಾಲ. ಅದೇ ಹೊಲದ ಮೇಲಿನ ಒಂದು ಅಡಿಯಲ್ಲಿ ಸಾವಯವ ಇಂಗಾಲ ಎಂಟು ಟನ್ನೂ ಇರಲಿಕ್ಕಿಲ್ಲ. ಇಷ್ಟು ದಿನ ನಮ್ಮ ರಿಪೋರ್ಟಿನಲ್ಲಿ ಆ ಎಂಟೇ ಇರುತ್ತಿತ್ತು. ಈ ಹಂಗಾಮಿನಿಂದ ಎರಡೂ ಕಾಲಂ ಬರೆದು ಕೊಡುತ್ತಿದ್ದೇನೆ. ಸ್ಯಾಂಪಲ್‌ಗೆ ಅರವತ್ತು ರೂಪಾಯಿ ಜಾಸ್ತಿ ತೆಗೆದುಕೊಳ್ಳುತ್ತೇನೆ. ಹರಳು ಇದ್ದರೆ ದಯವಿಟ್ಟು ಆರಿಸಿ ಬಿಸಾಕದೆ ಚೀಲದಲ್ಲೇ ತನ್ನಿ.