ಶೇಂಗಾ ಬುಡಕೊಳೆಗೆ ಸಿಗಡಿ ಸಿಪ್ಪೆ: ನನ್ನ ಅನುಭವ

ಚಳ್ಳಕೆರೆ ತಾಲ್ಲೂಕಿನ ನಮ್ಮ ಕೆಂಪು ಮಣ್ಣಿನ ಹೊಲದಲ್ಲಿ ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಗಿಡಗಳು ಅಲ್ಲಲ್ಲಿ ಬಾಡಿ ಒರಗುತ್ತಿದ್ದವು. ಬುಡದ ಮಣ್ಣನ್ನು ಬೆರಳಿನಿಂದ ಸರಿಸಿದರೆ ಕಾಂಡವನ್ನು ಹತ್ತಿಯ ಎಳೆಯಂತಹ ಬಿಳಿ ಬೂಷ್ಟು ಸುತ್ತಿಕೊಂಡಿರುತ್ತಿತ್ತು. ಅದರ ನಡುವೆ ಸಾಸಿವೆ ಕಾಳಿನಷ್ಟು ದಪ್ಪದ ಕಂದು ಉಂಡೆಗಳು ಅಂಟಿಕೊಂಡಿರುತ್ತಿದ್ದವು. ಇದು ಸ್ಕ್ಲೆರೋಷಿಯಂ ರಾಲ್ಫ್ಸಿ ಎಂಬ ಶಿಲೀಂಧ್ರದ ಕೆಲಸ. ಆ ಉಂಡೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುವುದರಿಂದ ಬೀಜೋಪಚಾರವೊಂದರಿಂದಲೇ ನಮ್ಮ ಹೊಲ ಸುಧಾರಿಸಲಿಲ್ಲ.

ಸಿಗಡಿ, ಏಡಿಗಳ ಚಿಪ್ಪಿನಲ್ಲಿರುವ ಕೈಟಿನ್ ಎಂಬ ಗಟ್ಟಿ ವಸ್ತು ಈ ಶಿಲೀಂಧ್ರದ ಕೋಶಭಿತ್ತಿಯಲ್ಲೂ ಇದೆ. ಚಿಪ್ಪನ್ನು ಅರಗಿಸಿಕೊಳ್ಳಲು ಕೆಲವು ಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಕೈಟಿನೇಸ್ ಎಂಬ ಕಿಣ್ವವನ್ನು ಹೊರಬಿಡುತ್ತವೆ, ಅದೇ ಕಿಣ್ವ ಶಿಲೀಂಧ್ರದ ಗೋಡೆಯನ್ನೂ ಕರಗಿಸುತ್ತದೆ. ಸಿಪ್ಪೆಯೇ ಔಷಧಿಯಲ್ಲ, ಔಷಧಿ ತಯಾರಿಸುವ ಜೀವಿಗೆ ಅದು ಮೇವು.

ಇದನ್ನು ಸರಿಯಾಗಿ ಗ್ರಹಿಸದೆ ಮೊದಲ ವರ್ಷ ಕರಾವಳಿಯಿಂದ ತರಿಸಿದ ಒಣ ಸಿಪ್ಪೆಯನ್ನು ತೊಳೆಯದೆ, ಕೊಳೆಸದೆ ಸಾಲಿಗೆ ಸುರಿದೆ. ವಾಸನೆಗೆ ನಾಯಿಗಳು ಬಂದು ಸಾಲು ಕೆದರಿದವು, ಉಪ್ಪು ಹೆಚ್ಚಾದ ಕಡೆ ಮೊಳಕೆಯ ಎಲೆಯಂಚು ಸುಟ್ಟಂತಾಯಿತು.

ಮರುವರ್ಷ ಸಿಪ್ಪೆಯನ್ನು ಮೂರು ನೀರಿನಲ್ಲಿ ತೊಳೆದು, ಬಿಸಿಲಿಗೆ ಕೈಯಲ್ಲಿ ಮುರಿದರೆ ಚಟ್ಟೆನ್ನುವಷ್ಟು ಒಣಗಿಸಿ, ರವೆಯ ಹದಕ್ಕೆ ಕುಟ್ಟಿಸಿದೆ. ಹತ್ತು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಒಂದು ಬುಟ್ಟಿ ಪುಡಿಯಂತೆ ಬೆರೆಸಿ, ಬ್ಯಾಸಿಲಸ್ ಸಬ್ಟಿಲಿಸ್ ಪುಡಿ ಕಲಸಿದ ನೀರು ಚಿಮುಕಿಸಿ, ಬೇವಿನ ಮರದ ನೆರಳಿನಲ್ಲಿ ರಾಶಿ ಹಾಕಿ ಗೋಣಿಚೀಲ ಮುಚ್ಚಿದೆ. ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು; ಅಷ್ಟೇ ತೇವ. ಮೊದಲ ವಾರ ಮೂಗಿಗೆ ಹೊಡೆಯುತ್ತಿದ್ದ ಅಮೋನಿಯಾ ವಾಸನೆ, ವಾರಕ್ಕೊಮ್ಮೆ ಮಗುಚುತ್ತಾ ಹೋದಂತೆ ಐದನೆಯ ವಾರಕ್ಕೆ ಮಣ್ಣಿನ ವಾಸನೆಗೆ ತಿರುಗಿತು. ಆ ಬದಲಾವಣೆಗೆ ಕಾಯುವುದೇ ಇಡೀ ಕೆಲಸದಲ್ಲಿ ಮುಖ್ಯವೆಂದು ನನ್ನ ಅಭಿಪ್ರಾಯ. ಬಿತ್ತನೆಗೆ ಮುಂಚೆ, ಮಣ್ಣು ಹಸಿಯಿದ್ದಾಗಲೇ ಅದನ್ನು ಸಾಲಿಗೆ ಹಾಕಿ ಮುಚ್ಚಿಸಿದೆ.

ಹೋಲಿಕೆಗೆಂದು ಗೊಬ್ಬರ ಮಾತ್ರ ಹಾಕಿದ ನಾಲ್ಕು ಸಾಲುಗಳಲ್ಲಿ ಎಂದಿನಂತೆ ಗಿಡಗಳು ಸತ್ತವು. ಉಳಿದ ಕಡೆ ರೋಗ ಪೂರ್ತಿ ನಿಲ್ಲಲಿಲ್ಲ, ಆದರೆ ಒಂದು ಗಿಡಕ್ಕೆ ತಗುಲಿದ್ದು ಪಕ್ಕದ ಗಿಡಕ್ಕೆ ದಾಟುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಈರುಳ್ಳಿ ಸಸಿಮಡಿಗೂ ಇದನ್ನೇ ಹಾಕಬಹುದೇ ಎಂದು ನೆರೆಯ ರೈತರು ಕೇಳುತ್ತಾರೆ. ಸಸಿ ಸಾಯಿಸುವ ಪಿಥಿಯಂ ಎಂಬ ರೋಗಾಣುವಿನ ಕೋಶಭಿತ್ತಿ ಮುಖ್ಯವಾಗಿ ಸೆಲ್ಯುಲೋಸ್ ಮತ್ತು ಗ್ಲುಕಾನ್‌ನಿಂದಾದದ್ದು, ಕೈಟಿನ್‌ನಿಂದಲ್ಲ. ಆದ್ದರಿಂದ ಅಲ್ಲಿಗೆ ನಾನು ಇದನ್ನು ಹೇಳುವುದಿಲ್ಲ, ಮಡಿ ಎತ್ತರಿಸಿ ನೀರು ಬಸಿಯುವಂತೆ ಮಾಡಿರೆಂದೇ ಹೇಳುತ್ತೇನೆ.