ಆಂಡ್ರಾಯ್ಡ್‌ನಿಂದ ಐಫೋನಿಗೆ: ಕಾಯುವಾಗಲೇ ಮುಗಿಸಿದ ಕೆಲಸ

ವರ್ಷಗಟ್ಟಲೆ ಆಂಡ್ರಾಯ್ಡ್ ಬಳಸಿದವನು ನಾನು. ಈ ಸಲ ಐಫೋನ್ ಅಂತ ತೀರ್ಮಾನ ಮಾಡಿ, ಹೊಸ ಮಾಡೆಲ್ ಬರಲಿ ಆಮೇಲೆ ತಗೊಳ್ಳೋಣ ಅಂತ ಕಾದೆ. ಕಾಯುವಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಸೋರಿಕೆಯಾದ ಫೋಟೋ, ಕ್ಯಾಮೆರಾ ಎಷ್ಟು ಉಬ್ಬಿದೆ, ಈ ಸಲ ಯಾವ ಬಣ್ಣ, ಬರೀ ಇದೇ ಗುಂಗು. ಸ್ವಲ್ಪ ದಿನಕ್ಕೆ ಸಾಕಾಯಿತು. ಬಣ್ಣ ಹೇಗಿದ್ದರೂ ಕವರ್ ಹಾಕಿದ ಮೇಲೆ ಕಾಣುವುದಿಲ್ಲ, ಅಲ್ವಾ? ನಿಜವಾದ ತಲೆನೋವು ಇರುವುದು ಒಳಗಿರುವುದನ್ನೆಲ್ಲ ಸಾಗಿಸುವುದರಲ್ಲಿ. ಆ ಕೆಲಸ ಶುರು ಮಾಡಲು ಹೊಸ ಫೋನ್ ಬೇಕೇ ಇಲ್ಲ. ಮುಕ್ಕಾಲು ಪಾಲು ಹಳೇ ಫೋನಿನಲ್ಲೇ ಆಗುತ್ತದೆ.

ನಾನು ಇಟ್ಟುಕೊಂಡ ನಿಯಮ ಒಂದೇ. ಐಫೋನಿನಲ್ಲಿ ಸಿಗದ ಆಪ್ ಯಾವುದಿದೆಯೋ ಅದನ್ನು ಈಗಲೇ ಬಿಡುವುದು, ಅದರ ಬದಲು ಎರಡೂ ಕಡೆ ಇರುವ ಒಂದನ್ನು ಹಳೇ ಫೋನಿನಲ್ಲೇ ಹಾಕಿಕೊಂಡು ರೂಢಿ ಮಾಡಿಕೊಳ್ಳುವುದು. ಫೋನಿನ ಜೊತೆಗೇ ಬಂದಿದ್ದ ನೋಟ್ಸ್ ಆಪ್ ಹೋಯಿತು, ಗೂಗಲ್ ಕೀಪ್ ಬಂತು. ಫೋಟೋಗಳು ಗೂಗಲ್ ಫೋಟೋಸ್‌ಗೆ. (2021ರ ಜೂನ್‌ನಿಂದ ಅಲ್ಲಿ ಹೊಸದಾಗಿ ಹಾಕಿದ್ದೆಲ್ಲವೂ ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಾಗದ ಲೆಕ್ಕಕ್ಕೇ ಸೇರುವುದರಿಂದ, ಮೊದಲು ಬೆಳಗಿನ ಶುಭಾಶಯದ ಚಿತ್ರಗಳನ್ನೆಲ್ಲ ಅಳಿಸಿದೆ, ಅದೇ ದೊಡ್ಡ ಕೆಲಸ ಆಯಿತು.) ಪಾಸ್‌ವರ್ಡ್‌ಗಳು ಕ್ರೋಮ್‌ನಲ್ಲಿದ್ದವು, ಅವನ್ನು ಮುಟ್ಟಲಿಲ್ಲ. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಟೋಫಿಲ್‌ಗೆ (ಪಾಸ್‌ವರ್ಡ್ ತಾನಾಗಿ ತುಂಬುವ ಸೌಲಭ್ಯ) ಕ್ರೋಮ್ ಆರಿಸಿದರೆ ಅಲ್ಲೂ ಬರುತ್ತವೆ.

ಕಾಂಟ್ಯಾಕ್ಟ್ಸ್ ವಿಷಯ ಮಾತ್ರ ಸುಲಭ ಅಂತ ಸುಮ್ನೆ ಬಿಡಬೇಡಿ. ಕೆಲವು ನಂಬರ್ ಗೂಗಲ್ ಖಾತೆಯಲ್ಲಿ, ಕೆಲವು ಫೋನಿನಲ್ಲೇ, ಹಳೇ ಕಾಲದವು ಸಿಮ್‌ನಲ್ಲಿ ಇರುತ್ತವೆ, ನೋಡುವಾಗ ಎಲ್ಲ ಒಂದೇ ಪಟ್ಟಿಯಲ್ಲಿ ಕಾಣುವುದರಿಂದ ಗೊತ್ತೇ ಆಗುವುದಿಲ್ಲ. ನಾನು ಎಲ್ಲವನ್ನೂ ಗೂಗಲ್ ಖಾತೆಗೆ ಸೇರಿಸಿ, ಕಂಪ್ಯೂಟರ್‌ನಲ್ಲಿ ತೆರೆದು ಪಟ್ಟಿ ಪೂರ್ತಿ ಇದೆಯಾ ಅಂತ ನೋಡಿಕೊಂಡೆ. ಐಫೋನಿನಲ್ಲಿ ಅದೇ ಗೂಗಲ್ ಖಾತೆ ಸೇರಿಸಿ ಕಾಂಟ್ಯಾಕ್ಟ್ಸ್, ಕ್ಯಾಲೆಂಡರ್ ಆನ್ ಮಾಡಿದರೆ ಎರಡೂ ತಾನಾಗಿ ಬಂದುಬಿಡುತ್ತವೆ.

ಪ್ಲೇ ಸ್ಟೋರ್‌ನಲ್ಲಿ ದುಡ್ಡು ಕೊಟ್ಟು ಕೊಂಡ ಆಪ್‌ಗಳು ಆಚೆ ಬರುವುದಿಲ್ಲ, ಬೇಕಿದ್ದರೆ ಮತ್ತೆ ಕೊಳ್ಳಬೇಕು. ಚಂದಾದಾರಿಕೆಗಳನ್ನು ಜಾಸ್ತಿ ಜನ ಮರೆಯುತ್ತಾರೆ. ಫೋನ್ ಬದಲಾದರೂ ಪ್ಲೇ ಸ್ಟೋರ್ ಮೂಲಕ ತೆಗೆದುಕೊಂಡದ್ದಕ್ಕೆ ದುಡ್ಡು ಕಡಿತ ಆಗುತ್ತಲೇ ಇರುತ್ತದೆ. ಬೇಡದ್ದನ್ನು ಕೂತು ರದ್ದು ಮಾಡಿದೆ. ಕೈಗಡಿಯಾರ ಇದ್ದರೆ ಅದನ್ನೂ ನೋಡಿಕೊಳ್ಳಿ. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ವಾಚ್ 4 ಮತ್ತು ಅದರ ನಂತರದವು ಐಫೋನಿಗೆ ಜೋಡಿಯಾಗುವುದಿಲ್ಲ.

ಈಗ ವಾಟ್ಸಾಪ್. ಎಲ್ಲರಿಗೂ ಭಯ ಇರುವುದು ಇಲ್ಲೇ, ಭಯಪಡುವುದರಲ್ಲಿ ಅರ್ಥವೂ ಇದೆ. ಆಂಡ್ರಾಯ್ಡ್‌ನ ಬ್ಯಾಕಪ್ ಗೂಗಲ್ ಡ್ರೈವ್‌ನಲ್ಲಿ, ಐಫೋನಿನದು ಐಕ್ಲೌಡ್‌ನಲ್ಲಿ, ಇದನ್ನು ಅದು ಓದುವುದಿಲ್ಲ. 2022ರಿಂದ ದಾರಿ ಇದೆ. ಆಪಲ್‌ನದೇ 'ಮೂವ್ ಟು ಐಓಎಸ್' ಎಂಬ ಆಪ್ ಅನ್ನು ಹಳೇ ಫೋನಿಗೆ ಹಾಕಿಕೊಂಡು ಚಾಟ್ ಸಾಗಿಸಬಹುದು. ಆದರೆ ಈ ದಾರಿಗೆ ಐಫೋನ್ ಹೊಸದಾಗಿರಬೇಕು, ಇಲ್ಲವೇ ರೀಸೆಟ್ ಆಗಿರಬೇಕು. "ಮೊದಲು ಒಂದೆರಡು ದಿನ ಬಳಸಿ ನೋಡೋಣ, ವಾಟ್ಸಾಪ್ ಆಮೇಲೆ" ಅಂದರೆ ಮತ್ತೆ ಎಲ್ಲ ಅಳಿಸಿ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ನನಗೆ ಇದು ಮೊದಲೇ ಗೊತ್ತಿದ್ದರಿಂದ ಡಬ್ಬ ತೆರೆದ ದಿನ ಅವಸರ ಮಾಡಲಿಲ್ಲ. ರಜೆಯ ದಿನ ನೋಡಿ ಕೂತೆ.

ಎರಡೂ ಫೋನನ್ನು ಚಾರ್ಜಿಗೆ ಹಾಕಿದೆ. ಹೊಸ ಫೋನಿನ ಪರದೆಯಲ್ಲಿ ಒಂದು ಕೋಡ್ ಬಂತು, ಅದನ್ನು ಹಳೇ ಫೋನಿನಲ್ಲಿ ಒತ್ತಿದೆ. ಐಫೋನ್ ತನ್ನದೇ ತಾತ್ಕಾಲಿಕ ವೈಫೈ ಹುಟ್ಟಿಸಿ ಹಳೇ ಫೋನನ್ನು ಅದಕ್ಕೆ ಸೇರಿಸಿಕೊಳ್ಳುತ್ತದೆ. ಮೆಸೇಜು, ಫೋಟೋ, ವಾಟ್ಸಾಪ್, ಏನೇನು ಬೇಕೋ ಟಿಕ್ ಮಾಡಬೇಕು. ವಾಟ್ಸಾಪ್ ಆರಿಸಿದ ಕೂಡಲೇ ಅದು ತೆರೆದುಕೊಂಡು ತಯಾರಿ ನಡೆಸಿ, ಹಳೇ ಫೋನಿನಲ್ಲಿ ಲಾಗೌಟ್ ಆಗುತ್ತದೆ. ಗಾಬರಿ ಬೇಡ, ನೀವೇ ಅಳಿಸುವ ತನಕ ಚಾಟ್‌ಗಳು ಅಲ್ಲೇ ಇರುತ್ತವೆ. ವಾಟ್ಸಾಪ್ ಕರೆಗಳ ಪಟ್ಟಿ ಮಾತ್ರ ಬರುವುದಿಲ್ಲ.

ಇಲ್ಲಿ ಮುಖ್ಯವಾದ ಮಾತು. ಸಾಗಣೆ ನಡೆಯುವಾಗ ಹಳೇ ಫೋನಿನಲ್ಲಿ ಬೇರೆ ಆಪ್ ತೆರೆದರೆ, ಅಥವಾ ಯಾರದೋ ಕರೆ ಬಂದರೆ, ಎಲ್ಲ ನಿಂತುಹೋಗಬಹುದು. ನಾನು ಏರ್‌ಪ್ಲೇನ್ ಮೋಡ್ ಹಾಕಿ ವೈಫೈ ಒಂದನ್ನೇ ಮತ್ತೆ ಆನ್ ಮಾಡಿ ಫೋನ್ ಮುಟ್ಟದೆ ಕೂತೆ. ಹಳೇ ಫೋನ್ "ಮುಗಿಯಿತು" ಅಂದಿತು. ಆದರೆ ಎಷ್ಟು ಸಾಗಿತು ಅಂತ ತೋರಿಸುವ ಐಫೋನಿನ ಗೆರೆ ಇನ್ನೂ ನಿಧಾನಕ್ಕೆ ತುಂಬುತ್ತಾ ಇತ್ತು. ಅದು ತುಂಬುವ ತನಕ ಕಾಯಬೇಕು, ಹಳೇ ಫೋನಿನ ಮಾತು ನಂಬಬಾರದು. ಆಮೇಲೆ ಅದೇ ನಂಬರಿನಿಂದ ವಾಟ್ಸಾಪ್‌ಗೆ ಹೋದರೆ ಚಾಟ್‌ಗಳೆಲ್ಲ ಸಾಲಾಗಿ ನಿಂತಿದ್ದವು. ಪಿಡಿಎಫ್, ಹಾಡು ಮುಂತಾದವು ಈ ದಾರಿಯಲ್ಲಿ ಬರುವುದಿಲ್ಲ, ಅವನ್ನು ಬೇರೆಯಾಗಿ ಸಾಗಿಸಿಕೊಂಡೆ.

ಬ್ಯಾಂಕ್ ಆಪ್‌ಗಳನ್ನು ಅದೇ ದಿನ ಮುಟ್ಟಲಿಲ್ಲ. ಅವು ಫೋನಿಗೇ ಅಂಟಿಕೊಂಡಿರುತ್ತವೆ, ಹೊಸ ಫೋನಿನಲ್ಲಿ ಮತ್ತೆ ನೋಂದಣಿ ಆಗಬೇಕು. ತೊಂದರೆ ಬಂದರೆ ಕೇಳಲು ಯಾರಾದರೂ ಸಿಗುವ ಹೊತ್ತಿನಲ್ಲಿ ಒಂದೊಂದಾಗಿ ಮಾಡಿದೆ. ಲಾಗಿನ್ ಆಗುವಾಗ ಪಾಸ್‌ವರ್ಡ್ ಜೊತೆ ಕೇಳುವ ಕೋಡ್ ಕೊಡುವ ಗೂಗಲ್ ಆಥೆಂಟಿಕೇಟರ್ ಆಪ್ ಸಲೀಸು. ಹಳೇ ಫೋನಿನಲ್ಲಿ ಎಕ್ಸ್‌ಪೋರ್ಟ್ ಒತ್ತಿದರೆ ಕ್ಯೂಆರ್ ಬರುತ್ತದೆ, ಹೊಸದರಿಂದ ಸ್ಕ್ಯಾನ್ ಮಾಡುವುದು. ಹಳೇ ಫೋನನ್ನು ಯಾರಿಗೋ ಕೊಟ್ಟ ಮೇಲೆ ನೆನಪಾದರೆ ಮಾತ್ರ ಕಷ್ಟ.

ಇಷ್ಟೆಲ್ಲ ತಯಾರಿ ಮಾಡಿಕೊಂಡರೂ ಹೆಬ್ಬೆರಳಿಗೆ ತಯಾರಿ ಇರಲಿಲ್ಲ. ಆಂಡ್ರಾಯ್ಡ್‌ನಲ್ಲಿ ಪರದೆಯ ಬಲ ಅಂಚಿನಿಂದ ಎಳೆದರೂ ಹಿಂದಕ್ಕೆ ಹೋಗುತ್ತದೆ, ಎಡ ಅಂಚಿನಿಂದ ಎಳೆದರೂ ಹೋಗುತ್ತದೆ. ಐಫೋನಿನಲ್ಲಿ ಎಡಗಡೆಯಿಂದ ಮಾತ್ರ, ಅದೂ ಕೆಲವು ಆಪ್‌ಗಳಲ್ಲಿ ಮೇಲಿನ ಎಡ ಮೂಲೆಯ ಬಾಣದ ಗುರುತನ್ನೇ ಒತ್ತಬೇಕು. ನನ್ನ ಬಲ ಹೆಬ್ಬೆರಳು ತುಂಬಾ ದಿನ ಬಲ ಅಂಚನ್ನು ಉಜ್ಜುತ್ತಲೇ ಇತ್ತು, ಏನೂ ಆಗುತ್ತಿರಲಿಲ್ಲ. ತೆರೆದ ಆಪ್‌ಗಳನ್ನೆಲ್ಲ ಒಂದೇ ಸಲ ಮುಚ್ಚುವ ಗುಂಡಿಯೂ ಇಲ್ಲ. ನೋಟಿಫಿಕೇಶನ್ ವ್ಯವಸ್ಥೆ ಆಂಡ್ರಾಯ್ಡ್‌ನದೇ ಚೆನ್ನ, ಈಗಲೂ ಹಾಗೇ ಅನ್ನುತ್ತೇನೆ.

ಹಳೇ ಫೋನನ್ನು ಕೂಡಲೇ ಕೊಡಲಿಲ್ಲ. ಮರೆತದ್ದು ಒಂದೊಂದೇ ನೆನಪಾಗುತ್ತದೆ, ಅದಕ್ಕೆ ಸ್ವಲ್ಪ ಕಾಲ ಚಾರ್ಜ್ ಮಾಡಿ ಇಟ್ಟುಕೊಂಡಿದ್ದೆ. ಕೊಡುವ ಮುಂಚೆ ಮೊದಲು ಗೂಗಲ್ ಖಾತೆ ತೆಗೆದು, ಆಮೇಲೆ ಸೆಟ್ಟಿಂಗ್ಸ್‌ನಿಂದಲೇ ರೀಸೆಟ್ ಮಾಡಿದೆ. ಖಾತೆ ಹಾಗೇ ಬಿಟ್ಟು ರಿಕವರಿ ಮೋಡ್‌ನಿಂದ (ಫೋನಿನ ಗುಂಡಿಗಳನ್ನು ಒತ್ತಿ ಹಿಡಿದು ತೆರೆಯುವ ದುರಸ್ತಿ ಪರದೆ) ಅಳಿಸಿದರೆ, ತೆಗೆದುಕೊಂಡವರು ಫೋನ್ ಆನ್ ಮಾಡಿದಾಗ ಅದು ನಿಮ್ಮ ಖಾತೆಯ ಪಾಸ್‌ವರ್ಡ್ ಕೇಳುತ್ತಾ ಕೂರುತ್ತದೆ, ಅವರು ನಿಮಗೇ ಫೋನ್ ಮಾಡುತ್ತಾರೆ.