ಐಸಿಯು ಸಿಸ್ಟರ್‌ಗೆ ನಾವು ಬರೆದ ಪತ್ರ

ಅಣ್ಣ ತೀವ್ರ ನ್ಯುಮೋನಿಯಾದಿಂದ ತೀವ್ರ ನಿಗಾ ಘಟಕದಲ್ಲಿ 17 ದಿನ ಇದ್ದರು. ಅದರಲ್ಲಿ 11 ದಿನ ಅವರ ಉಸಿರಾಟ ವೆಂಟಿಲೇಟರ್ ಆಧಾರದಲ್ಲಿಯೇ ನಡೆಯಿತು. ಅಣ್ಣ ಎಂದರೆ ನಮ್ಮ ತಂದೆ. ಮನೆಯಲ್ಲಿ ಮಕ್ಕಳಾದ ನಾವು ಅವರನ್ನು ಮೊದಲಿನಿಂದಲೂ ಹಾಗೆಯೇ ಕರೆಯುತ್ತೇವೆ. ಅವರು ಚೇತರಿಸಿಕೊಂಡು ಮನೆಗೆ ಬಂದ ನಂತರ, ಆ ಘಟಕದಲ್ಲಿ ಅವರನ್ನು ನೋಡಿಕೊಂಡ ಒಬ್ಬ ಸಿಸ್ಟರ್‌ಗೆ ನಾವು ಎರಡು ಪುಟದ ಪತ್ರವೊಂದನ್ನು ಬರೆದೆವು. ಅದನ್ನು ಬರೆಯಲು ನಮಗೆ ಸುಮಾರು ಒಂದು ತಿಂಗಳು ಹಿಡಿಯಿತು. ಅಂಥದೇ ಕೃತಜ್ಞತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಗೆ ಹೇಳಬೇಕೆಂದು ತಿಳಿಯದೆ ಇರುವವರಿಗೆ ನಮ್ಮ ಅನುಭವ ಉಪಯೋಗಕ್ಕೆ ಬಂದೀತೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಂಜೆ ನಮ್ಮನ್ನು ಒಳಗೆ ಬಿಟ್ಟಾಗ ನಾನು ಅಣ್ಣನ ಮುಖವನ್ನೇ ಸರಿಯಾಗಿ ನೋಡಲಿಲ್ಲ. ಬಾಯಿಯಲ್ಲಿ ಕೊಳವೆ, ಕುತ್ತಿಗೆಯ ಬಳಿ ಸೂಜಿ, ಬೆರಳಿಗೆ ಸಿಕ್ಕಿಸಿದ ಕ್ಲಿಪ್, ತಲೆಯ ಮೇಲ್ಗಡೆ ಅಂಕಿಗಳು ಓಡುವ ಮಾನಿಟರ್, ಇವುಗಳ ನಡುವೆ ನನ್ನ ಕಣ್ಣು ಆ ಅಂಕಿಗಳ ಮೇಲೆಯೇ ನಿಂತಿತ್ತು. ಅಷ್ಟರಲ್ಲಿ ಮಾನಿಟರ್ ಜೋರಾಗಿ ಕೂಗತೊಡಗಿತು. ನಾನೂ ಅಮ್ಮನೂ ನಡುಗಿಹೋದೆವು. ಸಿಸ್ಟರ್ ಗಾಬರಿಯಿಲ್ಲದೆ ಬಂದು ಮೊದಲು ಅಣ್ಣನ ಎದೆಯ ಏರಿಳಿತವನ್ನು ನೋಡಿ, ಆಮೇಲೆ ಬೆರಳಿನ ಕ್ಲಿಪ್ಪನ್ನು ಸರಿಪಡಿಸಿದರು. "ಅದು ಜಾರಿದಾಗ ಹೀಗೆ ಕೂಗುತ್ತದೆ ಅಮ್ಮ. ನಾವು ಮೊದಲು ಮನುಷ್ಯರನ್ನು ನೋಡುತ್ತೇವೆ, ಆಮೇಲೆ ಯಂತ್ರವನ್ನು. ನೀವೂ ಅವರನ್ನೇ ನೋಡಿ" ಎಂದರು. ಅನಂತರ ಅವರು ಕೇಳಿದ ಪ್ರಶ್ನೆಯನ್ನು ನಾವು ನಿರೀಕ್ಷಿಸಿರಲಿಲ್ಲ: "ಇವರನ್ನು ಮನೆಯಲ್ಲಿ ಏನೆಂದು ಕರೆಯುತ್ತೀರಿ?" ಮರುದಿನದಿಂದ ಆ ಹಾಸಿಗೆಯ ಬಳಿ "ಅಣ್ಣಾ" ಎಂಬ ಕರೆ ಅವರ ಬಾಯಿಯಿಂದಲೂ ಕೇಳತೊಡಗಿತು.

ಅಣ್ಣ ನಿದ್ರೆಯ ಔಷಧದ ಪ್ರಭಾವದಲ್ಲಿದ್ದರು. ಆದರೂ ಅವರನ್ನು ಮುಟ್ಟುವ ಮುನ್ನ ಈ ಸಿಸ್ಟರ್ ಪ್ರತಿ ಸಲವೂ ಅವರಿಗೆ ಹೇಳುತ್ತಿದ್ದರು. ಒತ್ತುಹುಣ್ಣು ಆಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವಾಗ "ಅಣ್ಣಾ, ಈಗ ಎಡಕ್ಕೆ ಹೊರಳಿಸುತ್ತೇವೆ" ಎಂದು, ಕೊಳವೆಯಿಂದ ಕಫ ತೆಗೆಯುವಾಗ "ಸ್ವಲ್ಪ ಕೆಮ್ಮು ಬರುತ್ತದೆ, ಬೇಗ ಮುಗಿಸುತ್ತೇನೆ" ಎಂದು ಹೇಳಿಯೇ ಕೈ ಹಾಕುತ್ತಿದ್ದರು. ಅವರಿಗೆ ಕೇಳಿಸುತ್ತದೆಯೇ ಎಂದು ನಾನು ಕೇಳಿದಾಗ, "ಕೇಳಿಸುತ್ತದೆ ಎಂದುಕೊಂಡೇ ನಾವು ಕೆಲಸ ಮಾಡಬೇಕು" ಎಂದರು. ನಾವು ಸುಮ್ಮನೆ ನಿಂತು ಅಳುವುದನ್ನು ಬಿಟ್ಟು ಅವರ ಕೈ ಹಿಡಿದು ಮನೆಯ ಸುದ್ದಿ ಹೇಳಲು ಕಲಿತದ್ದು ಅಂದಿನಿಂದ.

ಏಳನೆಯ ದಿನ ನಿದ್ರೆಯ ಔಷಧವನ್ನು ಕಡಿಮೆ ಮಾಡಿದಾಗ ಬಂದ ಸನ್ನಿಯ ಸ್ಥಿತಿ ನಮಗೆ ಎಲ್ಲಕ್ಕಿಂತ ಕಠಿಣವಾಗಿತ್ತು. ಅಣ್ಣ ನಮ್ಮನ್ನು ಗುರುತಿಸಲಿಲ್ಲ. ಚಾವಣಿಯಲ್ಲಿ ಏನನ್ನೋ ಕಂಡು ಬೆದರುತ್ತಿದ್ದರು. ಕೊಳವೆಯನ್ನು ಕಿತ್ತುಹಾಕಲು ಯತ್ನಿಸುತ್ತಿದ್ದುದರಿಂದ ಕೈಗಳನ್ನು ಮೃದುವಾದ ಪಟ್ಟಿಯಿಂದ ಮಂಚಕ್ಕೆ ಕಟ್ಟಿದ್ದರು. ಬುದ್ಧಿಯೇ ಹೋಯಿತೇನೋ ಎಂದು ಅಮ್ಮ ಕುಸಿದರು. ವೆಂಟಿಲೇಟರ್‌ನಲ್ಲಿರುವ ರೋಗಿಗಳಲ್ಲಿ ಇದು ಬಹಳ ಸಾಮಾನ್ಯವೆಂದು, ಹೆಚ್ಚಿನವರಲ್ಲಿ ಕಾಯಿಲೆ ಇಳಿದಂತೆ ಇದೂ ಇಳಿಯುತ್ತದೆ ಎಂದು ಸಿಸ್ಟರ್ ಬಿಡಿಸಿ ಹೇಳಿದರು. ಅವರ ಕನ್ನಡಕ ಮತ್ತು ಶ್ರವಣ ಸಾಧನವನ್ನು ಮನೆಯಿಂದ ತರಿಸಿದರು. ಎದುರಿನ ಗೋಡೆಯ ಮೇಲೆ ದೊಡ್ಡ ಗಡಿಯಾರ ಕಾಣುವಂತೆ ಮಂಚವನ್ನು ತಿರುಗಿಸಿದರು. ಅವರು ಕಾಣುವುದನ್ನು ಸುಳ್ಳೆಂದು ವಾದಿಸಬೇಡಿ, ನೀವು ಯಾರು, ಇದು ಯಾವ ಜಾಗ, ಇವತ್ತು ಯಾವ ವಾರ ಎಂಬುದನ್ನಷ್ಟೇ ಶಾಂತವಾಗಿ ಹೇಳುತ್ತಿರಿ ಎಂದರು. ನಾವು ಬಳಿಯಲ್ಲಿರುವಷ್ಟು ಹೊತ್ತು ತಾವೂ ಪಕ್ಕದಲ್ಲೇ ನಿಂತು ಕೈಯ ಪಟ್ಟಿಯನ್ನು ಬಿಚ್ಚಿಡುತ್ತಿದ್ದರು. ಅವರ ಪಾಲಿಗೆ ಇನ್ನೊಬ್ಬ ರೋಗಿಯೂ ಇದ್ದರು ಎಂಬುದನ್ನು ನೆನೆದರೆ, ಆ ಹದಿನೈದು ನಿಮಿಷ ಎಷ್ಟು ದೊಡ್ಡದೆಂದು ನನಗೆ ಈಗ ಅರ್ಥವಾಗುತ್ತದೆ.

ನಡೆದದ್ದನ್ನು ದಿನವೂ ಒಂದು ಪುಸ್ತಕದಲ್ಲಿ ಬರೆದಿಡಿ, ಮುಂದೆ ಅವರಿಗೆ ಈ ದಿನಗಳ ನೆನಪು ಇರದೆ ಹೋಗಬಹುದು ಎಂದು ಸಲಹೆ ಕೊಟ್ಟವರೂ ಅವರೇ. ಡೆನ್ಮಾರ್ಕ್, ಸ್ವೀಡನ್, ನಾರ್ವೆಗಳ ತೀವ್ರ ನಿಗಾ ಘಟಕಗಳಲ್ಲಿ ರೋಗಿಗಾಗಿ ದಾದಿಯರೂ ಮನೆಯವರೂ ಹೀಗೆ ದಿನಚರಿ ಬರೆಯುವ ಪದ್ಧತಿ ಇದೆಯೆಂದು ನನಗೆ ಆಮೇಲೆ ತಿಳಿಯಿತು. ಆಗ ನಾನು ಅದನ್ನು ಬರೆದದ್ದು ಕೈಗೊಂದು ಕೆಲಸ ಬೇಕಾಗಿತ್ತು ಎಂಬ ಕಾರಣಕ್ಕೆ.

13ನೆಯ ದಿನ ಕೊಳವೆ ತೆಗೆದಾಗ ಸಿಸ್ಟರ್ ರಜೆಯಲ್ಲಿದ್ದರು. ಅವರು ಹಿಂದಿರುಗುವ ಮೊದಲೇ ಅಣ್ಣನನ್ನು ವಾರ್ಡಿಗೆ ಕಳುಹಿಸಿದರು. ನಾವು ಅವರಿಗೆ ಒಂದು ಮಾತೂ ಹೇಳದೆ ಮನೆಗೆ ಬಂದೆವು; ಅದು ಅಮ್ಮನನ್ನು ಬಹಳ ಕಾಡಿತು. ಏನಾದರೂ ಬೆಲೆಬಾಳುವ ಉಡುಗೊರೆ ಕೊಡೋಣವೆಂದು ತಮ್ಮ ಹೇಳಿದ. ಹಣವಾಗಲಿ ವಸ್ತುವಾಗಲಿ ರೋಗಿಯ ಕಡೆಯವರಿಂದ ಪಡೆದರೆ ಅವರಿಗೇ ತೊಂದರೆಯಾದೀತು, ಇಲ್ಲವಾದರೆ ಅವರು ನಮ್ಮೆದುರು ಅದನ್ನು ನಿರಾಕರಿಸುವ ಮುಜುಗರಕ್ಕೆ ಒಳಗಾಗಬೇಕು ಎಂದು ನನಗೆ ಅನ್ನಿಸಿತು. ಪತ್ರ ಬರೆಯೋಣ ಎಂದು ತೀರ್ಮಾನಿಸಿದೆವು.

ಮೊದಲ ಕರಡನ್ನು ನಾನು ಒಂದೇ ರಾತ್ರಿ ಬರೆದೆ. ಅದರಲ್ಲಿ "ದೇವತೆ" ಎಂಬ ಪದ ಮೂರು ಕಡೆ ಇತ್ತು. ಬೆಳಿಗ್ಗೆ ಓದಿದಾಗ ಅದು ಯಾರಿಗೆ ಬೇಕಾದರೂ ಕಳುಹಿಸಬಹುದಾದ ಪತ್ರವಾಗಿ ಕಂಡಿತು. ಅದಕ್ಕಿಂತ ಹೆಚ್ಚಾಗಿ ನನಗೆ ಸರಿಬರದೆ ಹೋದದ್ದೆಂದರೆ, ದೇವತೆ ಎಂದ ಕೂಡಲೇ ಅವರ ಕಲಿಕೆ, ವರ್ಷಗಳ ಅಭ್ಯಾಸ, ಹನ್ನೆರಡು ಗಂಟೆಯ ಪಾಳಿಯ ದಣಿವು ಎಲ್ಲವೂ ಮರೆಯಾಗಿಬಿಡುತ್ತಿದ್ದವು. ಅವರು ಮಾಡಿದ್ದು ಪವಾಡವಲ್ಲ, ಕೆಲಸ; ಬಲ್ಲವರು ಮನಸ್ಸಿಟ್ಟು ಮಾಡಿದ ಕೆಲಸ. ಹಾಗಾಗಿ ಆ ಕರಡನ್ನು ಪಕ್ಕಕ್ಕಿಟ್ಟು ದಿನಚರಿಯ ಪುಸ್ತಕವನ್ನು ತೆರೆದೆ. ಬೆರಳಿನ ಕ್ಲಿಪ್, ಕನ್ನಡಕ, ಬಿಚ್ಚಿದ ಪಟ್ಟಿ, ಒಣಗಿದ ತುಟಿಗೆ ಅವರು ಹಚ್ಚುತ್ತಿದ್ದ ಮುಲಾಮು, ಪಕ್ಕದ ಹಾಸಿಗೆಯ ರೋಗಿ ತೀರಿಕೊಂಡ ರಾತ್ರಿ ಪರದೆ ಎಳೆದು ಆ ಮನೆಯವರಿಗೆ ಕುರ್ಚಿ ತಂದುಕೊಟ್ಟು, ಹೊತ್ತಿನ ಮಿತಿ ಹೇಳದೆ ಅವರ ಜೊತೆ ನಿಂತದ್ದು, ಎಲ್ಲವೂ ಅಲ್ಲಿ ದಿನಾಂಕ ಸಹಿತ ಇದ್ದವು. ಪತ್ರದಲ್ಲಿ ಅವುಗಳನ್ನೇ, ಕಂಡಂತೆ, ವಿಶೇಷಣಗಳಿಲ್ಲದೆ ಬರೆದೆ.

ಅಮ್ಮನಿಗೆ ಅದು ಒಪ್ಪಿಗೆಯಾಯಿತು. ಕಳುಹಿಸುವ ಮುನ್ನ ಅಣ್ಣನಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಇದೆಲ್ಲ ನಿಮಗೆ ಆದದ್ದು" ಎಂದರು. ಆ ಮಾತಿನಿಂದ ನನಗೆ ನಿಜವಾಗಿಯೂ ನಾಚಿಕೆಯಾಯಿತು, ಏಕೆಂದರೆ ಅವರನ್ನು ಕೇಳಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಅವರಿಗೆ ಸಿಸ್ಟರ್‌ನ ಮುಖದ ನೆನಪಿಲ್ಲ. ಕೈಗಳು ಅಲುಗಾಡದೆ ಇದ್ದ ಭಯ ನೆನಪಿದೆ. ತಾವು ಕತ್ತಲೆಯ ರೈಲಿನಲ್ಲಿ ಹೋಗುತ್ತಿದ್ದೇವೆ, ಇಳಿಯಬೇಕಾದ ನಿಲ್ದಾಣ ಯಾವುದೆಂದು ಯಾರೂ ಹೇಳುತ್ತಿಲ್ಲ ಎಂದು ಅನ್ನಿಸಿದ್ದು ನೆನಪಿದೆ. ಆ ರೈಲಿನಲ್ಲಿ ಒಂದು ದನಿ ಮಾತ್ರ ಮತ್ತೆ ಮತ್ತೆ "ಅಣ್ಣಾ, ಇವತ್ತು ಗುರುವಾರ, ಬೆಳಿಗ್ಗೆ ಎಂಟು ಗಂಟೆ" ಎಂದು ಹೇಳುತ್ತಿತ್ತಂತೆ. ಅದನ್ನು ಹಿಡಿದುಕೊಂಡೇ ತಾನು ಉಳಿದೆ ಎಂದರು. ಪತ್ರದ ಕೊನೆಗೆ ಇದನ್ನು ಅವರೇ ಬರೆಯಬೇಕೆಂದು ಹಟ ಹಿಡಿದರು. ಅಷ್ಟು ದಿನ ಮಲಗಿದ್ದರಿಂದ ಸ್ನಾಯುಗಳು ಸೊರಗಿ ಕೈಯಲ್ಲಿ ಬಲವಿರಲಿಲ್ಲ. ನಾಲ್ಕು ಸಾಲು ಬರೆಯಲು ಎರಡು ದಿನ ಬೇಕಾಯಿತು.

ಪತ್ರದಲ್ಲಿ ಇನ್ನೊಂದು ವಿಷಯವನ್ನು ಸೇರಿಸಿದೆವು: ವಾರ್ಡಿಗೆ ಹೋದ ಮೇಲೆ ಅಣ್ಣನಿಗೆ ಏನಾಯಿತು, ಯಾವ ದಿನ ಎದ್ದು ಕುಳಿತರು, ಯಾವ ದಿನ ಆಧಾರವಿಲ್ಲದೆ ನಡೆದರು ಎಂಬುದು. ತೀವ್ರ ನಿಗಾ ಘಟಕದವರು ರೋಗಿಯನ್ನು ಅತ್ಯಂತ ಕೆಟ್ಟ ಸ್ಥಿತಿಯಲ್ಲಿ ನೋಡುತ್ತಾರೆ, ಗುಣವಾಗುವುದನ್ನು ನೋಡುವುದು ಅಪರೂಪ. ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ಅವರಿಗೆ ಹೆಚ್ಚು ಉಪಯುಕ್ತವಾದ ಭಾಗ ಇದೇ. ರಾತ್ರಿ ಪಾಳಿಯವರು, ಸ್ವಚ್ಛತೆಯ ಸಿಬ್ಬಂದಿ, ವ್ಯಾಯಾಮ ಮಾಡಿಸಿದ ಫಿಸಿಯೋಥೆರಪಿಸ್ಟ್ ಇವರನ್ನೂ ನೆನೆದೆವು. ಒಂದು ಪ್ರತಿಯನ್ನು ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಗೂ ಕೊಟ್ಟೆವು. ರೋಗಿಯ ಮನೆಯವರ ಮಾತು ಸಿಸ್ಟರ್‌ನ ಮೇಲಿನವರಿಗೂ ತಿಳಿಯಲಿ ಎಂಬುದು ನಮ್ಮ ಆಸೆ. 1999ರಲ್ಲಿ ಅಮೆರಿಕದಲ್ಲಿ ಪ್ಯಾಟ್ರಿಕ್ ಬಾರ್ನ್ಸ್ ಎಂಬವರು 33ನೆಯ ವಯಸ್ಸಿಗೆ ತೀರಿಕೊಂಡಾಗ, ಅವರ ಮನೆಯವರು ಆ ದಿನಗಳಲ್ಲಿ ದಾದಿಯರು ತೋರಿದ ಕರುಣೆಯನ್ನು ನೆನೆದು ಡೈಸಿ ಪ್ರತಿಷ್ಠಾನವನ್ನು ಕಟ್ಟಿದರು. ರೋಗಿಗಳೂ ಮನೆಯವರೂ ಬರೆದು ಕಳುಹಿಸುವ ಇಂಥ ಪ್ರಸಂಗಗಳ ಆಧಾರದಿಂದಲೇ ಅದರ ಪ್ರಶಸ್ತಿಗೆ ದಾದಿಯರ ಹೆಸರು ಸೂಚಿತವಾಗುತ್ತದೆ. ಮಗನನ್ನು ಉಳಿಸಿಕೊಳ್ಳಲಾಗದ ಮನೆಯವರು ಹಾಗೆ ನಡೆದುಕೊಂಡರೆಂಬುದನ್ನು ಓದಿದ ಮೇಲೆ, ಉಳಿಸಿಕೊಂಡ ನಾವು ತಡಮಾಡುವುದು ತರವಲ್ಲ ಎನ್ನಿಸಿತು.

ಮರುಪರೀಕ್ಷೆಗೆ ಹೋದ ದಿನ ಪತ್ರವನ್ನು ಕೊಡಲು ಘಟಕದ ಬಾಗಿಲಿಗೆ ಹೋದೆವು. ಸಿಸ್ಟರ್ ಹೊರಗೆ ಬಂದು, ನಿಂತಿದ್ದ ಅಣ್ಣನ ಕಡೆಗೆ ನೋಡಿದರೂ ಗುರುತು ಹಿಡಿಯದೆ ನನ್ನ ಮುಖ ನೋಡಿದರು. ಅವರು ಬಲ್ಲ ಅಣ್ಣ ಮಲಗಿರುವವರು, ಗಡ್ಡ ಬೆಳೆದವರು, ಬಾಯಲ್ಲಿ ಕೊಳವೆ ಇರುವವರು. ಅಣ್ಣ ಕೈಮುಗಿದು, "ಸಿಸ್ಟರ್, ಇವತ್ತು ಸೋಮವಾರ, ಹನ್ನೊಂದು ಗಂಟೆ" ಎಂದರು. ತಾವು ಅಷ್ಟು ದಿನ ಆರೈಕೆ ಮಾಡಿದ ಅಣ್ಣನ ದನಿಯನ್ನು ಸಿಸ್ಟರ್ ಕೇಳಿದ್ದು ಅದೇ ಮೊದಲು.